ಪಟ್ಟಿಯ ಪೆಟ್ಟಿಗೆ

ಕಿಮ್‌ಸೆಂಗ್ ಅವರ ಮನೆಯ ಜಗಳ ಶುರುವಾದದ್ದು ಮೀನಿನಿಂದ. ಮೂವತ್ತಾರು ಮೇಜಿನ ಊಟಕ್ಕೆ ಮಗ ಬೂನ್‌ಹೋ ಇಪ್ಪತ್ತಾರು ಮೀನು ತಂದು ಇಳಿಸಿದ. ಹರಾಜು ಕಟ್ಟೆಯಿಂದ ಅಪ್ಪನಿಗೆ ನಾಲ್ಕು ಸಲ ಫೋನ್ ಮಾಡಿದ್ದನಂತೆ. ಅಪ್ಪ ದೇವಸ್ಥಾನದ ಅಂಗಳದಲ್ಲಿ ಚದುರಂಗಕ್ಕೆ ಕೂತಿದ್ದರು, ಫೋನು ಮನೆಯ ಊಟದ ಮೇಜಿನ ಮೇಲೆ ಕೂಗಿ ಕೂಗಿ ಸುಮ್ಮನಾಯಿತು. ಊಟದ ಪಟ್ಟಿ ಇದ್ದ ಅಪ್ಪನ ಕೋಣೆಗೆ ಬೀಗ. ತಾಯಿ ಗ್ಯೋಕ್‌ಲಾನ್ ಅಂದು ತಂಗಿಯ ಊರಿಗೆ ಹೋಗಿದ್ದರು. ಸೊಸೆ ಲೇಬೀ ಕಿಟಕಿಯಿಂದ ಇಣುಕಿ ಕಂಪ್ಯೂಟರಿನ ಕಪ್ಪು ಪರದೆ ನೋಡಿದ್ದಷ್ಟೇ ಬಂತು.

"ಮೂವತ್ತಾರು ಅಂತ ನೆನಪಿಟ್ಟುಕೊಳ್ಳೋಕೆ ಆಗಲ್ವೇನೋ ನಿನಗೆ?" ಅಂದರು ಕಿಮ್‌ಸೆಂಗ್, ಮೀನಿನ ಡಬ್ಬದ ಮುಚ್ಚಳ ತೆಗೆದು.

"ನೀವು ಹೇಳಿದ್ದು ಇಪ್ಪತ್ತಾರು ಅಪ್ಪ."

"ನಾನು ಹೇಳಿದ್ದು ಮೂವತ್ತಾರು."

"ಪಟ್ಟಿ ನನ್ನ ಕೈಲಿದ್ದಿದ್ರೆ ನೀವು ಹೇಳೋದೂ ಬೇಡ, ನಾನು ಕೇಳೋದೂ ಬೇಡ."

"ನಿನ್ನ ಕೈಲಿ ಯಾಕಿರಬೇಕು? ಅಡುಗೆ ಮಾಡೋನು ನೀನಾ?"

ಪೇಟೆಯ ಅಂಗಡಿಯಿಂದ ಬೇರೆ ಜಾತಿಯ ಹತ್ತು ಮೀನು ತರಿಸಿ, ಮೇಲೆ ಈರುಳ್ಳಿ ಸೊಪ್ಪು ಧಾರಾಳವಾಗಿ ಹೊದಿಸಿ, ಅವನ್ನು ಮೂಲೆಯ ಮೇಜುಗಳಿಗೆ ಕಳಿಸಿ ಆ ದಿನ ಪಾರಾದೆವು.

ನಾನು ಪೋಚೂ. ಈ ಮನೆಯವಳಲ್ಲ, ಇಪ್ಪತ್ತೆರಡು ವರ್ಷದಿಂದ ಈ ಮನೆಯ ಅನ್ನ ತಿಂದವಳು. ಕಿಮ್‌ಸೆಂಗ್ ಬೀದಿಗೆ ಶಾಮಿಯಾನ ಹಾಕಿಸಿ, ಅಲ್ಲೇ ಒಲೆ ಹೂಡಿ ಮದುವೆ ಊಟ ಬಡಿಸುವ ದೊಡ್ಡ ಬಾಣಸಿಗರು. ನಾನು ಅವರ ತರಕಾರಿ ಹೆಚ್ಚುವವಳು, ತಟ್ಟೆ ಜೋಡಿಸುವವಳು. ನಮ್ಮಂಥವರನ್ನು ಇಲ್ಲಿ ನೀರುಗಾಲಿನವರು ಅನ್ನುತ್ತಾರೆ, ಬೆಳಗಿನಿಂದ ಸಂಜೆವರೆಗೆ ಕಾಲು ನೀರಲ್ಲೇ ಇರುತ್ತದಲ್ಲ. ಕಾಲು ನೀರಲ್ಲಿದ್ದರೇನು, ಕಿವಿ ಚುರುಕಾಗಿದೆ. ಕಿವಿಗೆ ಬಿದ್ದದ್ದನ್ನು ಬಿಡುವವಳಲ್ಲ ನಾನು, ಬೀಳದ್ದನ್ನು ಕೇಳಿ ತಿಳಿದುಕೊಳ್ಳುವವಳು.

ನಮ್ಮ ಕಸುಬಿನಲ್ಲಿ ಪಟ್ಟಿ ಬರೆಯುವವನೇ ಯಜಮಾನ. ಯಾವ ಬಗೆ ಮೊದಲು, ಯಾವುದು ಆಮೇಲೆ, ಎಷ್ಟು ಮೇಜಿಗೆ ಎಷ್ಟು ಅಕ್ಕಿ, ಎಷ್ಟು ಕೋಳಿ, ಎಲ್ಲ ಅದರಲ್ಲಿರುತ್ತದೆ. ಮದುವೆಗೆ ಹತ್ತು ಬಗೆ ಇರಬಹುದು, ಹನ್ನೆರಡು ಇರಬಹುದು, ಒಟ್ಟಿನಲ್ಲಿ ಸಮಸಂಖ್ಯೆ. ಬೆಸ ಬಂದರೆ ಅದು ಸಾವಿನ ಮನೆಯ ಊಟ. ಕಿಮ್‌ಸೆಂಗ್ ಮೂರನೆಯ ತರಗತಿಗೇ ಶಾಲೆ ಬಿಟ್ಟವರು. ಹಿಂದೆಲ್ಲ ಅವರು ಬಾಯಲ್ಲಿ ಹೇಳುವುದು, ಗ್ಯೋಕ್‌ಲಾನ್ ಕೆಂಪು ಕಾಗದದ ಮೇಲೆ ಬರೆಯುವುದು. ಹನ್ನೆರಡು ವರ್ಷದ ಹಿಂದೆ ಮನೆಗೆ ಕಂಪ್ಯೂಟರ್ ಬಂತು, ಜೊತೆಗೆ ಬೆರಳಿಂದ ಗೀಚಿದರೆ ಅಕ್ಷರವಾಗುವ ಒಂದು ಹಲಗೆ ಬಂತು. ಕಿಮ್‌ಸೆಂಗ್ ಎರಡು ತಿಂಗಳು ಗೀಚಿ ಕಲಿತರು. "ಇನ್ನು ಪಟ್ಟಿ ನಾನೇ ಬರೀತೀನಿ," ಅಂದರು. ಅಂದಿನಿಂದ ಹೆಂಡತಿಯ ಪೆನ್ನು ಡ್ರಾಯರು ಸೇರಿತು.

ಬರೆದ ಪಟ್ಟಿಗಳೆಲ್ಲ ಕಂಪ್ಯೂಟರಿಗೆ ತಂತಿಯಲ್ಲಿ ಜೋಡಿಸಿದ, ಬರೆದದ್ದನ್ನು ಕೂಡಿಡುವ ಒಂದು ಕರಿಯ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಬ್ರೆಡ್ಡಿನ ಪೌಂಡಿಗಿಂತ ಚೂರು ದೊಡ್ಡದು. ಹಳೆಯ ಕೆಂಪು ಕಾಗದಗಳ ಫೋಟೋ ತೆಗೆಸಿ ಅದರೊಳಗೇ ಹಾಕಿದ್ದರು, ಹಾಗಾಗಿ ಮೂವತ್ತು ವರ್ಷದ ಊಟ ಅದರಲ್ಲಿತ್ತು. ಆ ಪೆಟ್ಟಿಗೆಯನ್ನು ತಂದವಳು ಲೇಬೀ. ಮದುವೆಗೆ ಮುಂಚೆ ಒಂಬತ್ತು ವರ್ಷ ಇಂಥ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯಲ್ಲಿ, ಕೆಲಸ ಮಾಡುತ್ತದೋ ಇಲ್ಲವೋ ಪರೀಕ್ಷಿಸುವ ಸಾಲಿನಲ್ಲಿ ಕೂತಿದ್ದಳು. ಕಾರ್ಖಾನೆ ಮುಚ್ಚಿದಾಗ ಮೈಗೆ ಗೀರು ಬಿದ್ದ ಒಂದು ಪೆಟ್ಟಿಗೆಯನ್ನು ಅವಳಿಗೆ ಕೊಟ್ಟು ಕಳಿಸಿದ್ದರು. ಮಾವ ಅದನ್ನು ತಮ್ಮ ಕೋಣೆಗೆ ಒಯ್ದು ತಂತಿ ಚುಚ್ಚಿದರು, ಬೀಗ ಹಾಕಿದರು.

ಲೇಬೀಗೆ ಆ ಪಟ್ಟಿಗಳು ಬೇಕಿತ್ತು. ಮೀನಿನ ಲೆಕ್ಕಕ್ಕೆ ಮಾತ್ರವಲ್ಲ. ಅವಳಿಗೆ ಈ ಕಸುಬು ಕಲಿಯುವ ಆಸೆ. ಗಂಡ ಬೂನ್‌ಹೋ ಲಾರಿ ಓಡಿಸುತ್ತಾನೆ, ಭಾರ ಹೊರುತ್ತಾನೆ, ಚೌಕಾಸಿಯಲ್ಲಿ ಗಟ್ಟಿಗ. ನಾಲಿಗೆ ಮಾತ್ರ ಮರದ್ದು, ಉಪ್ಪು ಎರಡು ಸಲ ಬಿದ್ದರೂ ತಿಳಿಯುವುದಿಲ್ಲ. ಲೇಬೀ ಸಾರಿನ ಆವಿ ಮೂಸಿಯೇ ಏನು ಕಡಿಮೆ ಅಂತ ಹೇಳಬಲ್ಲಳು. ಒಮ್ಮೆ ಬಾಯಿಬಿಟ್ಟು ಕೇಳಿದ್ದಳು ಕೂಡ. "ಹೆಂಗಸರು ಹೆಚ್ಚಿಕೊಡಲಿ," ಅಂದಿದ್ದರು ಮಾವ. ನಾನು ಅಲ್ಲೇ ಹೆಚ್ಚುತ್ತಿದ್ದೆ.

ಮೀನಿನ ಜಗಳ ಆರುವ ಮೊದಲೇ, ಮರುದಿನದ ಊಟದಲ್ಲಿ ಅವಳು ಮಾತು ತೆಗೆದಳು.

"ಮಾವ, ಆ ಪೆಟ್ಟಿಗೆ ಬರೀ ನಿಮ್ಮ ಕಂಪ್ಯೂಟರಿಗೆ ಮಾತ್ರ ಬಾಗಿಲು ತೆರೆಯುತ್ತೆ. ಅದನ್ನ ಮನೆಯೋರಿಗೆಲ್ಲ ತೆರೆಯೋ ಹಾಗೆ ಮಾಡಬಹುದು. ಇವರು ಮೀನು ಕಟ್ಟೆಯಲ್ಲಿ ನಿಂತೇ ಫೋನಲ್ಲಿ ಪಟ್ಟಿ ನೋಡ್ತಾರೆ."

"ಹೊಸದು ತರಬೇಕೋ?"

"ಬೇಡ. ಇದರ ಜೊತೆಗೇ ದುಬಾರಿದೊಂದು ಮಾಡೆಲ್ ಮಾಡ್ತಿದ್ವಿ. ಎರಡಕ್ಕೂ ಒಳಗಿನ ಬೋರ್ಡು ಒಂದೇ. ಅಗ್ಗದ್ದರಲ್ಲಿ ಹಂಚಿಕೊಳ್ಳೋ ಭಾಗ ಹಾಕದೆ ಕಳಿಸ್ತಿದ್ರು, ಅಷ್ಟೇ. ನಾನು ಅದನ್ನ ಸೇರಿಸ್ತೀನಿ."

"ಇದು ಏಳನೆಯ ತಿಂಗಳು, ಪ್ರೇತಗಳ ತಿಂಗಳು ಕಣಮ್ಮ," ಅಂದರು ಗ್ಯೋಕ್‌ಲಾನ್, ಸೊಸೆಯ ಬಟ್ಟಲಿಗೆ ಬಿದಿರು ಕಳಲೆ ಹಾಕುತ್ತ. "ಈ ತಿಂಗಳಲ್ಲಿ ಹೊಸದೇನೂ ಶುರು ಮಾಡಬಾರದು."

"ಹೊಸದಲ್ಲ ಅತ್ತೆ, ಹಳೇದಕ್ಕೇ ಸೇರಿಸೋದು. ಮದುವೆಗಳಿಲ್ಲ, ದೇವಸ್ಥಾನದ ಊಟ ಒಂದೆರಡು ಬಿಟ್ರೆ ಕೈ ಖಾಲಿ ಇದೆ. ಮುಂದಿನ ತಿಂಗಳು ಉಸಿರಾಡೋಕೂ ಪುರುಸೊತ್ತಿರಲ್ಲ."

ಬೂನ್‌ಹೋ ಬಾಯಿ ತುಂಬ ಅನ್ನ ಇಟ್ಟುಕೊಂಡೇ, "ಮಾಡ್ಲಿ ಬಿಡಿ ಅಪ್ಪ, ಇಲ್ಲಾಂದ್ರೆ ಇನ್ಮೇಲೆ ಮೀನು ನೀವೇ ತನ್ನಿ," ಅಂದ.

ಕಿಮ್‌ಸೆಂಗ್ ಬಹಳ ಹೊತ್ತು ಮೂಳೆ ಚೀಪಿದರು. ಆಮೇಲೆ ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟರು.

"ನೋಡೋರು ನೋಡಲಿ. ಬರೆಯೋನು ನಾನೊಬ್ಬನೇ. ನಿಮ್ಮ ಬೆರಳು ತಾಗಿ ಒಂದು ಅಕ್ಷರ ಆಚೀಚೆ ಆಗಬಾರದು. ಇದಾದ ಮೇಲೆ ಒಂದು ಪಟ್ಟಿ ಕೆಟ್ಟರೂ ಪೆಟ್ಟಿಗೆ ಹಳ್ಳಕ್ಕೆ. ನೀನು ಆಮೇಲೆ ಜನ್ಮದಲ್ಲಿ ಪಟ್ಟಿ ಅನ್ನೋ ಮಾತು ಎತ್ತಕೂಡದು. ಒಪ್ಪಿಗೇನಾ?"

"ಒಪ್ಪಿಗೆ," ಅಂದಳು ಲೇಬೀ. ಅವಳ ಕಿವಿಗಳು ಕೆಂಪಾಗಿದ್ದವು.

ಮೊದಲು ಇದ್ದದ್ದನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ ಇಟ್ಟಳು. ಆಮೇಲೆ ಪೆಟ್ಟಿಗೆಯನ್ನು ಊಟದ ಮೇಜಿಗೆ ತಂದು ಕೂತಳು. ನಾನು ಆ ವಾರ ಒಣಗಿಸಿದ ಅಣಬೆ ಆರಿಸುವ ನೆಪದಲ್ಲಿ ಅಲ್ಲೇ ಕೂತೆ. ಗ್ಯೋಕ್‌ಲಾನ್ ಬೆಳ್ಳುಳ್ಳಿ ಸುಲಿಯುವ ನೆಪದಲ್ಲಿ ಕೂತರು. ಅಷ್ಟು ಬೆಳ್ಳುಳ್ಳಿ ಆ ತಿಂಗಳು ಯಾರಿಗೂ ಬೇಕಿರಲಿಲ್ಲ.

ಮೊದಲ ದಿನ ಪೆಟ್ಟಿಗೆಯ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿ ಮಿಟುಕುತ್ತಲೇ ಇತ್ತು. ಎರಡನೆಯ ದಿನ ಹಸಿರಾಯಿತು, ಆದರೆ ಫೋನಿನಲ್ಲಿ ಏನೂ ಕಾಣಲಿಲ್ಲ. ಮೂರನೆಯ ದಿನ ಎಲ್ಲ ಕಂಡಿತು, ಆದರೆ ಪಟ್ಟಿಗಳ ಹೆಸರಿನ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ.

"ಅಯ್ಯೋ, ಮೂವತ್ತು ವರ್ಷದ ಮದುವೆಗಳೆಲ್ಲ ಪ್ರಶ್ನೆ ಆಗಿಹೋದ್ವಲ್ಲೇ!" ಅಂದೆ ನಾನು.

"ಸುಮ್ನಿರಿ ಪೋಚೂ ಅಕ್ಕ. ಒಳಗೆ ಸರಿಯಾಗೇ ಇದಾವೆ. ಹಳೇ ಕಾಲದಲ್ಲಿ ಅಕ್ಷರ ಕೂಡಿಡೋ ರೀತಿ ಬೇರೆ, ಈಗಿನದು ಬೇರೆ. ಯಾವುದು ಅಂತ ಪೆಟ್ಟಿಗೆಗೆ ಹೇಳಬೇಕು."

ಗ್ಯೋಕ್‌ಲಾನ್ ಬೆಳ್ಳುಳ್ಳಿ ಬಿಟ್ಟು ಹತ್ತಿರ ಸರಿದರು. "ಈಗ ಯಾರ್ಯಾರು ಒಳಗೆ ಹೋಗಬಹುದು?"

"ನೀವು, ನಾನು, ಇವರು. ಎಲ್ಲರೂ ನೋಡಬಹುದು."

"ಕೈ ಹಾಕೋಕೆ?"

"ಮಾವ ಮಾತ್ರ. ಅವರು ಒಂದು ಗುಟ್ಟಿನ ಪದ ಇಟ್ಟುಕೊಂಡಿದ್ದಾರೆ. ಬರೆಯೋಕೆ ಹೋದಾಗೆಲ್ಲ ಪೆಟ್ಟಿಗೆ ಅದನ್ನ ಕೇಳುತ್ತೆ."

"ಅವರ ಕಂಪ್ಯೂಟರಿಂದ ಹೋದ್ರೂ ಕೇಳುತ್ತಾ?"

"ಅಲ್ಲಿಂದಾನೂ ಕೇಳುತ್ತೆ ಅತ್ತೆ."

"ಯಾವ ಪದ ಅಂತೆ?"

"ನನಗೂ ಹೇಳಿಲ್ಲ. ನನ್ನನ್ನ ಆಚೆ ಕಳಿಸಿ ಹಾಕ್ಕೊಂಡ್ರು."

ಗ್ಯೋಕ್‌ಲಾನ್ ಬೆಳ್ಳುಳ್ಳಿ ಸಿಪ್ಪೆ ಗುಡಿಸಿದರು. ಇಷ್ಟು ಪ್ರಶ್ನೆ ಕೇಳುವ ಹೆಂಗಸಲ್ಲವಲ್ಲ ಇವರು ಅಂತ ನನಗೆ ಅನಿಸಿತ್ತು. ಅನಿಸಿದ್ದನ್ನು ಕೇಳಲಿಲ್ಲ. ನನ್ನ ಜಾಯಮಾನಕ್ಕೆ ಅದೊಂದು ತಪ್ಪೇ.

ನಾಲ್ಕನೆಯ ದಿನ ಮಧ್ಯಾಹ್ನ ಲೇಬೀ ಕೂಗಿಕೊಂಡಳು. ಅವಳ ಫೋನಿನಲ್ಲಿ ಪಟ್ಟಿಗಳು ಹೆಸರಿನ ಸಮೇತ ಕಂಡವು. ಬೂನ್‌ಹೋ ಅಂಗಳದಲ್ಲಿ ಲಾರಿ ತೊಳೆಯುತ್ತ ತನ್ನ ಫೋನಿನಲ್ಲಿ ನೋಡಿ, "ಬಂತು ಕಣೇ, ನಮ್ಮ ಮದುವೆ ಊಟದ ಪಟ್ಟೀನೂ ಇದೆ! ಅಪ್ಪ ನಮ್ಮ ಮದುವೆಗೇ ಸಣ್ಣ ಸೀಗಡಿ ಹಾಕಿದ್ರಾ?" ಅಂದ.

"ದೊಡ್ಡ ಸೀಗಡಿ ನೆಂಟರ ಮೇಜಿಗೆ," ಅಂತ ಒಳಗಿನಿಂದ ಕಿಮ್‌ಸೆಂಗ್ ಕೂಗಿದರು. ಅವರಿಗೂ ಖುಷಿಯಾಗಿತ್ತು.

ಮುಂದಿನ ಮೂರು ವಾರ ಆ ಮನೆಯಲ್ಲಿ ಊಟದ ಹೊತ್ತಿಗೆ ಜಗಳವೇ ಇಲ್ಲ. ಮೀನು ಲೆಕ್ಕಕ್ಕೆ ಸರಿಯಾಗಿ ಬಂತು, ಕೋಳಿ ಸರಿಯಾಗಿ ಬಂತು. ಮೇಜಿನ ಮೇಲಿಡುವ ಕೆಂಪು ಕಾಗದವನ್ನು ಲೇಬೀ ಮುದ್ರಣದ ಅಂಗಡಿಯಲ್ಲಿ ಕೂತೇ ಮುದ್ರಿಸಿದಳು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ಅನ್ನ ಬೇಯುವಾಗ ಅವಳ ಕಣ್ಣು ಫೋನಿನಲ್ಲೇ. ಬೇರೆ ಹೆಂಗಸರು ಧಾರಾವಾಹಿ ನೋಡಿದ ಹಾಗೆ ಇವಳು ಪಟ್ಟಿ ನೋಡುತ್ತಿದ್ದಳು.

"ಏನಿದೆಯೇ ಅದರಲ್ಲಿ?" ಅಂತ ಕೇಳಿದೆ.

"ಏನಿಲ್ಲ ಅಂತ ಕೇಳಿ. ಉಪ್ಪುನೀರಿನ ದಂಡೆಯ ಊರುಗಳಿಗೆ ಮಾವ ಸಾರಿಗೆ ಸಕ್ಕರೆ ಕಡಿಮೆ ಮಾಡಿದ್ದಾರೆ. ಮೇ ತಿಂಗಳ ಮದುವೇಲಿ ಒಂದು ಸಲಾನೂ ಸಿಂಪಿಚಿಪ್ಪು ಹಾಕಿಲ್ಲ. ಅತ್ತೆ ಕೆಂಪು ಕಾಗದದ ಅಂಚಲ್ಲಿ ಸಣ್ಣದಾಗಿ ಬರೆದಿದ್ದಾರೆ: ವಧುವಿನ ತಂದೆಗೆ ಹಲ್ಲಿಲ್ಲ, ಹಂದಿ ಕಾಲು ಎರಡು ತಾಸು ಹೆಚ್ಚಿಗೆ ಬೇಯಿಸಿ. ಇದನ್ನೆಲ್ಲ ಯಾವ ಶಾಲೇಲಿ ಹೇಳಿಕೊಡ್ತಾರೆ ಅಕ್ಕ?"

ಎಂಟನೆಯ ತಿಂಗಳು ಕಾಲಿಟ್ಟಿತು, ಮದುವೆಗಳ ಸುಗ್ಗಿ ಶುರುವಾಯಿತು. ಚೀಶಾನ್‌ನಲ್ಲಿ ಬಾಳೆಹಣ್ಣಿನ ಸಗಟು ವ್ಯಾಪಾರಿಯ ಮಗನ ಮದುವೆ, ಮೂವತ್ತೆಂಟು ಮೇಜು, ಹನ್ನೆರಡು ಬಗೆ. ಎರಡು ದಿನ ಮುಂಚೆ ಬೆಳಗ್ಗೆ ನಾನು ಎಲೆಕೋಸು ಇಳಿಸಲು ಹೋದಾಗ ಗಂಡಹೆಂಡತಿ ಗಂಜಿ ಕುಡಿಯುತ್ತಿದ್ದರು.

"ಚೀಶಾನ್ ಪಟ್ಟಿ ಇನ್ನೊಂದ್ಸಲ ಎಣಿಸಿ ನೋಡಿ," ಅಂದರು ಗ್ಯೋಕ್‌ಲಾನ್.

"ನಲವತ್ತೈದು ವರ್ಷ ಊಟ ಬಡಿಸಿದವನಿಗೆ ಎಣಿಕೆ ಹೇಳಿಕೊಡ್ತೀಯಾ?"

"ಹಾಗಲ್ಲ, ಸುಮ್ನೆ ಅಂದೆ."

"ಸುಮ್ನೆ ಅನ್ನೋದನ್ನ ಸುಮ್ನಿದ್ದು ಅನ್ನು." ಅವರು ಚದುರಂಗಕ್ಕೆ ಹೊರಟರು.

ಮದುವೆಯ ಬೆಳಗ್ಗೆ ನಮಗೆಲ್ಲ ಆಶ್ಚರ್ಯ. ಗ್ಯೋಕ್‌ಲಾನ್ ಕೈಚೀಲ ಎದೆಗವುಚಿಕೊಂಡು ಲಾರಿಯ ಮುಂದಿನ ಸೀಟಿನಲ್ಲಿ ಕೂತಿದ್ದರು. ಏಳೆಂಟು ವರ್ಷದಿಂದ ಅವರು ಯಾವ ಊಟಕ್ಕೂ ಬಂದದ್ದಿಲ್ಲ. "ಸುಮ್ನೆ ನೋಡೋಣ ಅಂತ," ಅಂದರು.

ಒಂಬತ್ತು ಗಂಟೆಗೆ ಶಾಮಿಯಾನದ ಕೆಳಗೆ ನಾನು ತಟ್ಟೆ ಬಿಚ್ಚಿದೆ. ಒಂದೊಂದು ಬಗೆಗೆ ಒಂದೊಂದು ತಟ್ಟೆ, ಒಂದೊಂದು ಬೋಗುಣಿ. ಬಗೆಗೊಂದು ಅಟ್ಟಿ ಕಟ್ಟುತ್ತ ಹೋದೆ. ಹನ್ನೊಂದು ಅಟ್ಟಿಗೆ ಮುಗಿಯಿತು. ಲಾರಿಯಲ್ಲಿ ಹುಡುಕಿದೆ. ಮತ್ತೆ ಎಣಿಸಿದೆ. ಹನ್ನೊಂದೇ. ಮೇಜಿನ ಮೇಲಿದ್ದ ಕೆಂಪು ಕಾಗದ ತೆಗೆದು ಎಣಿಸಿದೆ. ಅಲ್ಲೂ ಹನ್ನೊಂದು. ಕೊನೆಯಲ್ಲಿ ಬರಬೇಕಿದ್ದ ಸಿಹಿಯೇ ಇರಲಿಲ್ಲ.

ತಿರುಗಿ ನೋಡಿದರೆ ಗ್ಯೋಕ್‌ಲಾನ್ ನನ್ನ ಹಿಂದೆಯೇ ನಿಂತು ಅಟ್ಟಿಗಳನ್ನು ಎಣಿಸುತ್ತಿದ್ದರು. ಅವರ ಮುಖ ನೋಡಿದರೆ ಅದು ಅವರಿಗೆ ಹೊಸ ಸುದ್ದಿಯಲ್ಲ.

ಲೇಬೀಯನ್ನು ಕರೆದೆ. ಅವಳು ಫೋನು ತೆಗೆದು ನೋಡಿದಳು, ನೋಡಿ ಅಲ್ಲೇ ಬಿದ್ದಿದ್ದ ಅಕ್ಕಿ ಮೂಟೆಯ ಮೇಲೆ ಕೂತಳು. ಪಟ್ಟಿಯನ್ನು ಅವಳು ಹತ್ತು ಸಲ ನೋಡಿದ್ದಳು. ಬೂನ್‌ಹೋ ಮೀನಿನ ಸಾಲು ನೋಡಿದ್ದ. ನಾನೂ ಅವಳ ಹೆಗಲ ಮೇಲಿಂದ ನೋಡಿದ್ದೆ. ಯಜಮಾನರು ಬರೆದದ್ದನ್ನು ಎಣಿಸುವ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಎಲ್ಲರ ಕೈಗೂ ಸಿಕ್ಕಿದ್ದರಿಂದಲೇ ಇನ್ನೊಬ್ಬರು ನೋಡಿರುತ್ತಾರೆ ಅಂದುಕೊಂಡೆವು.

ಲೇಬೀ ಎದ್ದು ಮಾವನ ಹತ್ತಿರ ಹೋದಳು. ಅವರು ಹಬೆಪಾತ್ರೆಗಳ ನಡುವೆ ಬೆವರುತ್ತ ನಿಂತಿದ್ದರು.

"ಮಾವ, ಹನ್ನೊಂದೇ ಇದೆ."

"ಏನು ಹನ್ನೊಂದು? ಹನ್ನೆರಡು." ಅವರು ಬೆರಳು ಮಡಚುತ್ತ ಎಣಿಸಿದರು. "ತಣ್ಣನೆ ತಿನಿಸಿನ ತಟ್ಟೆ, ಏಡಿ ಅನ್ನ, ಜಾಡಿ ಸಾರು, ಮೀನು..." ಹನ್ನೊಂದಕ್ಕೆ ನಿಂತಿತು. ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ ಹನ್ನೊಂದಕ್ಕೆ ನಿಂತಿತು. ಅವರ ಬೆರಳು ಗಾಳಿಯಲ್ಲೇ ಉಳಿಯಿತು. ಆಮೇಲೆ ಅವರು ಸಿಡಿದರು.

"ನಾನು ಬರೆದಿದ್ದೆ! ನಿನ್ನ ಪೆಟ್ಟಿಗೆ ನುಂಗಿದೆ. ಊರೋರಿಗೆಲ್ಲ ಬಾಗಿಲು ತೆರೆದರೆ ಇನ್ನೇನಾಗುತ್ತೆ? ಮದುವೆ ಮನೇಲಿ ಬೆಸ ಬಡಿಸಿದ ಅಂತ ನಾಳೆ ನಮ್ಮೂರು ನೈಮೆನ್ ತುಂಬ ನನ್ನ ಹೆಸರು!"

ಲೇಬೀ ಫೋನಿನಲ್ಲಿ ಬೆರಳು ಓಡಿಸುತ್ತಿದ್ದಳು. "ಸಿಕ್ಕಿತು," ಅಂದಳು. "ಮೂವತ್ತು ವರ್ಷದ ಹಿಂದಿನದು. ನಲವತ್ತು ಮೇಜಿಗೆ ಲಾಂಗನ್ ಹಾಕಿದ ಸಿಹಿ ಅನ್ನ. ಅಂಟಕ್ಕಿ ಇಪ್ಪತ್ತು ಕಿನ್ ತೂಕ, ಒಣಗಿಸಿದ ಲಾಂಗನ್ ಹಣ್ಣು ಆರು, ಸಕ್ಕರೆ ಎಂಟು, ಅಕ್ಕಿ ಹೆಂಡ ನಾಲ್ಕು ಬಾಟಲಿ. ಏಡಿ ಅನ್ನಕ್ಕೆ ಅರವತ್ತು ಕಿನ್ ಅಂಟಕ್ಕಿ ನೆನೆದಿದೆ ಮಾವ. ಅದರಲ್ಲಿ ಇಪ್ಪತ್ತು ತೆಗೀತೀನಿ. ಏಡಿ ಅನ್ನದ ತಟ್ಟೆ ಚಿಕ್ಕದಾಗುತ್ತೆ. ಆಗಲಿ. ರೀ, ಲಾಂಗನ್ ತರ್ತೀರಾ? ಅಂಗಡೀಲಿ ಸಿಗದಿದ್ರೆ ಮನೆ ಮನೆ ಕೇಳಿ."

ಬೂನ್‌ಹೋ ಸ್ಕೂಟರ್ ಹತ್ತಿ ಹೋದವನು ಮೂವತ್ತೇ ನಿಮಿಷಕ್ಕೆ ಏಳು ಮನೆಯ ಡಬ್ಬಿಗಳ ಸಮೇತ ಬಂದ. ಹಬೆಪಾತ್ರೆ ಒಂದು ಖಾಲಿಯಾಯಿತು. ಲೇಬೀ ಹೆಂಡ ಚಿಮುಕಿಸಿದಳು, ಸಕ್ಕರೆ ಬೆರೆಸಿದಳು, ಮೂಸಿದಳು, ಇನ್ನೊಂದು ಬಾಟಲಿ ಕೇಳಿದಳು. ಕಿಮ್‌ಸೆಂಗ್ ದೂರದಿಂದ ನೋಡುತ್ತಿದ್ದರು. ಬೇಡ ಅನ್ನಲಿಲ್ಲ.

ಇನ್ನು ಆ ಕೆಂಪು ಕಾಗದಗಳು. ವರನ ಅಜ್ಜಿ ಕೋಲೂರಿಕೊಂಡು ಮೇಜು ಮೇಜು ನೋಡಿಕೊಂಡು ಬರುತ್ತಿದ್ದಳು. ಒಂದನ್ನು ಎತ್ತಿ ಕಣ್ಣ ಹತ್ತಿರ ಹಿಡಿದಳು. ಗ್ಯೋಕ್‌ಲಾನ್ ಹೋಗಿ ಮೆಲ್ಲಗೆ ಅವಳ ಕೈಯಿಂದ ಅದನ್ನು ಬಿಡಿಸಿಕೊಂಡರು.

"ಇದಿನ್ನೂ ಮುಗಿದಿಲ್ಲ ದೊಡ್ಡಮ್ಮ. ಕೊನೆಯ ಸಿಹಿಯ ಹೆಸರನ್ನ ಮದುವೆ ಮನೆಗೆ ಬಂದು, ಕೈಯಲ್ಲೇ ಬರೆಯೋದು ನಮ್ಮ ಪದ್ಧತಿ."

"ಹೌದಾ? ಎಲ್ಲೂ ನೋಡಿರಲಿಲ್ಲ."

"ಎಲ್ಲರೂ ಮಾಡಲ್ಲ."

ಇಷ್ಟು ಹಸಿ ಸುಳ್ಳು ಇಷ್ಟು ಸಲೀಸಾಗಿ ಆಡಿದ್ದನ್ನು ನಾನು ಕಂಡಿರಲಿಲ್ಲ. ಕೈಚೀಲದಿಂದ ಬ್ರಷ್ಷಿನ ಪೆನ್ನು ತೆಗೆದು ಕೂತರು. ಮೂವತ್ತೆಂಟು ಕಾಗದಕ್ಕೂ ಹನ್ನೆರಡನೆಯ ಸಾಲು ಬರೆದರು. ಅಜ್ಜಿ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು, ಅಕ್ಷರ ಎಷ್ಟು ಚೆಂದ ಅಂತ ನೆಂಟರನ್ನೆಲ್ಲ ಕರೆದು ತೋರಿಸಿದಳು. ಸಿಹಿ ಅನ್ನದ ತಟ್ಟೆಗಳು ನೆಕ್ಕಿದ ಹಾಗೆ ಖಾಲಿಯಾಗಿ ಬಂದವು.

ಮರುದಿನ ಬೆಳಗ್ಗೆ ಅಂಗಳದಲ್ಲಿ ಸ್ಟೂಲು ತೊಳೆಯುತ್ತಿದ್ದೆ. ಲೇಬೀ ಫೋನು ಹಿಡಿದು ಬಂದು ನನ್ನ ಪಕ್ಕ ಕುಕ್ಕರಿಸಿದಳು.

"ಪೋಚೂ ಅಕ್ಕ, ಒಂದು ವಿಚಿತ್ರ ನೋಡಿ. ಪೆಟ್ಟಿಗೆ ನಿಜವಾಗ್ಲೂ ನುಂಗಿತಾ ಅಂತ ಹುಡುಕಿದೆ. ಪ್ರತಿ ಪಟ್ಟಿಯ ಪಕ್ಕ ಅದನ್ನ ಕೊನೆಯದಾಗಿ ಯಾವಾಗ ತಿದ್ದಿದ್ರು ಅಂತ ಇರುತ್ತೆ. ಮೊದಲೆಲ್ಲ ಸಂಜೆ ಏಳು, ಏಳೂವರೆ. ಮಾವ ಊಟ ಮಾಡಿ ಬರೆಯೋ ಹೊತ್ತು. ಈ ಹೊಸ ವರ್ಷದಿಂದ ಈಚೆಗೆ ಬಹಳಷ್ಟು ಪಟ್ಟಿ ಬೆಳಗ್ಗೆ ಎಂಟು ಗಂಟೆಗೆ ತಿದ್ದಿದ್ದಾಗಿದೆ. ಬೆಳಗ್ಗೆ ಎಂಟಕ್ಕೆ ಮಾವ ಎಲ್ಲಿರ್ತಾರೆ?"

"ಚದುರಂಗದಲ್ಲಿ."

"ನಾನು ಹಂಚೋ ಹಾಗೆ ಮಾಡಿದ ಮೇಲೆ ಒಂದೂ ಎಂಟು ಗಂಟೇದಿಲ್ಲ."

ನಾವಿಬ್ಬರೂ ಒಟ್ಟಿಗೇ ಅಡುಗೆಮನೆಯ ಕಡೆ ನೋಡಿದೆವು. ಕೋಣೆಯ ಇನ್ನೊಂದು ಬೀಗದ ಕೈ, ಧೂಳು ಹೊಡೆಯಲಿಕ್ಕೆ ಅಂತ, ಯಾರ ಸೊಂಟದಲ್ಲಿತ್ತು ಅಂತ ಇಬ್ಬರಿಗೂ ಗೊತ್ತು.

"ಹೇಳಿಬಿಡೇ," ಅಂದೆ. "ತಪ್ಪು ನಿನ್ನದಲ್ಲ ಅಂತ ಸಾಕ್ಷಿ ಕೈಲಿದೆ."

"ಹೇಗೆ ಹೇಳಲಿ? ಮಾವನ ಮುಖಕ್ಕೆ ಹೇಳಲಾ, ನಿಮಗೆ ಮರೀತಿದೆ ಅಂತ?"

ಮಧ್ಯಾಹ್ನದ ಊಟಕ್ಕೆ ಮದುವೆ ಮನೆಯ ಉಳಿಕೆಯನ್ನೆಲ್ಲ ಒಂದೇ ಪಾತ್ರೆಯಲ್ಲಿ ಕುದಿಸಿದ್ದರು. ನನಗೆ ಎಲ್ಲಕ್ಕಿಂತ ಇಷ್ಟವಾದ ಊಟ ಅದು. ಅಂದು ರುಚಿಸಲಿಲ್ಲ. ಕಿಮ್‌ಸೆಂಗ್ ಎರಡು ತುತ್ತಾದ ಮೇಲೆ ಶುರು ಮಾಡಿದರು.

"ಮಾತು ಮಾತೇ. ಊಟ ಆದ ಮೇಲೆ ಪೆಟ್ಟಿಗೆ ತಗೊಂಡು ಹೋಗಿ ಹಳ್ಳಕ್ಕೆ ಹಾಕು."

"ಅಪ್ಪ, ಅವಳಿಲ್ಲದಿದ್ರೆ ನಿನ್ನೆ..." ಅಂದ ಬೂನ್‌ಹೋ.

"ಅವಳಿಂದಲೇ ನಿನ್ನೆ ಹಾಗಾಗಿದ್ದು! ಒಂದು ಬಗೆ ನುಂಗಿತಲ್ಲೋ ಅದು!"

ಲೇಬೀ ತಲೆ ತಗ್ಗಿಸಿ ಕೂತಿದ್ದಳು. ಫೋನು ಅವಳ ತೊಡೆಯ ಮೇಲೆ ಬೋರಲಾಗಿತ್ತು. "ಆಯ್ತು ಮಾವ," ಅಂದಳು. ಈ ಹುಡುಗಿಗೆ ಹೊಡೆಯಬೇಕು ಅನ್ನುವಷ್ಟು ಸಿಟ್ಟು ಬಂತು ನನಗೆ. ಬಾಯಿ ತೆರೆಯಲಿದ್ದೆ.

"ಪೆಟ್ಟಿಗೆ ನುಂಗಿಲ್ಲ," ಅಂದರು ಗ್ಯೋಕ್‌ಲಾನ್.

ಎಲ್ಲರೂ ಅವರನ್ನು ನೋಡಿದೆವು. ಅವರು ಕಣ್ಣೆತ್ತದೆ ಬಟ್ಟಲಿಗೆ ಸಾರು ಹಾಕಿಕೊಳ್ಳುತ್ತಿದ್ದರು.

"ನೀವು ಬರೆದದ್ದೇ ಹನ್ನೊಂದು. ಹೊಸ ವರ್ಷದಿಂದ ಹೀಗೇ ಆಗ್ತಿದೆ. ಒಂದ್ಸಲ ಬಗೆ ಬಿಡ್ತೀರಿ, ಒಂದ್ಸಲ ಒಂದನ್ನೇ ಎರಡು ಸಲ ಬರೀತೀರಿ. ನೀವು ಚದುರಂಗಕ್ಕೆ ಹೋದ ಮೇಲೆ ನಾನು ಕೂತು ಸರಿ ಮಾಡ್ತಿದ್ದೆ. ಈಗ ಅದು ಗುಟ್ಟಿನ ಪದ ಕೇಳುತ್ತೆ, ನನಗೆ ಗೊತ್ತಿಲ್ಲ. ಹನ್ನೊಂದಿದೆ ಅಂತ ಕಣ್ಣಿಗೆ ಕಂಡಿತ್ತು. ಕೈ ಹಾಕೋಕೆ ಆಗಲಿಲ್ಲ, ಯಾರಿಗೂ ಹೇಳೋಕೂ ಬಾಯಿ ಬರಲಿಲ್ಲ. ಗಂಡನ ವಿಷಯ ಯಾರ ಹತ್ರ ಅಂತ ಹೇಳಲಿ? ಅದಕ್ಕೇ ನಿನ್ನೆ ಬಂದೆ. ಈ ಹುಡುಗಿ ತಲೆ ಮೇಲೆ ಹಾಕಬೇಡಿ. ನನ್ನಿಂದ ನೋಡೋಕಾಗಲ್ಲ."

ಕಿಮ್‌ಸೆಂಗ್ ಹೆಂಡತಿಯನ್ನು ನೋಡಿದರು, ಆಮೇಲೆ ಸೊಸೆಯನ್ನು.

"ನಿನಗೆ ಗೊತ್ತಿತ್ತಾ?"

"ಇವತ್ತು ಬೆಳಗ್ಗೆ ಗೊತ್ತಾಯ್ತು ಮಾವ."

"ಎಷ್ಟು ಸಲ ಸರಿ ಮಾಡಿದ್ದಾಳೆ?"

"ಎಣಿಸಲಿಲ್ಲ."

"ಒಂಬತ್ತು ವರ್ಷ ಪೆಟ್ಟಿಗೆ ಪರೀಕ್ಷೆ ಮಾಡಿದವಳು ಎಣಿಸದೆ ಬಿಡ್ತೀಯಾ?"

ಲೇಬೀ ಫೋನನ್ನು ತೊಡೆಯಿಂದ ಎತ್ತಿ ಮೇಜಿನ ಮೇಲಿಟ್ಟಳು. "ಮೂವತ್ತೊಂದು."

ಕಿಮ್‌ಸೆಂಗ್ ಕಡ್ಡಿ ಕೆಳಗಿಟ್ಟು, "ಬೆಸ ಬಂತಲ್ಲ. ಇನ್ನೊಂದು ಎಲ್ಲೋ ಇರಬೇಕು, ಸರಿಯಾಗಿ ನೋಡು," ಅಂದರು. ಬೂನ್‌ಹೋಗೆ ನಗು ತಡೆಯಲಾಗದೆ ಸಾರು ನೆತ್ತಿಗೇರಿತು. ಗ್ಯೋಕ್‌ಲಾನ್ ಅತ್ತುಬಿಟ್ಟರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಪೆಟ್ಟಿಗೆ ಹಳ್ಳ ಸೇರಲಿಲ್ಲ. ಹಾಗಂತ ಮುಂದಿನ ಕೆಲಸವೂ ಸಾಗಲಿಲ್ಲ. ಒಂಬತ್ತು ದಿನ ಕಿಮ್‌ಸೆಂಗ್ ಒಂದು ಪಟ್ಟಿಯನ್ನೂ ಬರೆಯಲಿಲ್ಲ. ಎರಡು ಮದುವೆಯವರು ಬಂದು ಕಾದರು, ಫೋನ್ ಮಾಡಿದರು. ಅವರು ಚದುರಂಗಕ್ಕೆ ಹೋಗುವುದು, ಬರುವುದು, ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರಿಗೈಲಿ ಹೊರಬರುವುದು. ಸಿಟ್ಟು ಇಳಿದಿಲ್ಲ ಅಂತ ನಾವು ಅಂದುಕೊಂಡೆವು. ಬೂನ್‌ಹೋ ಹೆದರುತ್ತ ಕೇಳಿದ್ದಕ್ಕೆ, "ಬರೀತೀನಿ, ಅವಸರ ಏನು?" ಅಂದರಂತೆ.

ಹತ್ತನೆಯ ದಿನ ಲೇಬೀ ಹಿತ್ತಲ ನಲ್ಲಿಯಲ್ಲಿ ಮೀನು ಶುಚಿ ಮಾಡುತ್ತಿದ್ದಳು, ನಾನು ಅವಳೆದುರಿಗೆ ಕೂತಿದ್ದೆ. ಕಿಮ್‌ಸೆಂಗ್ ಬಂದು ನಿಂತರು. ನನ್ನನ್ನು ಎದ್ದು ಹೋಗು ಅನ್ನಲಿಲ್ಲ. ಅನ್ನದಿದ್ದರೆ ನಾನು ಏಳುವವಳೂ ಅಲ್ಲ.

"ಆ ಗುಟ್ಟಿನ ಪದ," ಅಂದರು.

"ಹೇಳಿ ಮಾವ."

"ನನಗೇ ಮರೆತಿದೆ."

ಲೇಬೀಯ ಕೈ ನೀರಿನೊಳಗೇ ನಿಂತಿತು.

"ಒಂಬತ್ತು ದಿನದಿಂದ ಏನೇನೋ ಗೀಚಿ ನೋಡಿದೆ. ಅಪ್ಪನ ಹೆಸರು ಗೀಚಿದೆ, ದೇವರ ಹೆಸರು ಗೀಚಿದೆ. ಒಳಗೆ ಬಿಡಲ್ಲ ಅನ್ನುತ್ತೆ."

"ಅದೇನು ದೊಡ್ಡ ವಿಷಯ ಅಲ್ಲ ಮಾವ. ಹಳೇದನ್ನ ಅಳಿಸಿ ಹೊಸದು ಹಾಕಬಹುದು. ಎರಡು ನಿಮಿಷದ ಕೆಲಸ." ಅವಳು ಎದ್ದು ಕೈ ಒರೆಸಿಕೊಂಡಳು. "ಏನು ಪದ ಹಾಕಲಿ?"

ಅವರು ನಲ್ಲಿಯನ್ನು ನೋಡಿದರು. ಅದು ಸುಮ್ಮನೆ ಹರಿಯುತ್ತಿತ್ತು, ಬಗ್ಗಿ ಅದನ್ನು ನಿಲ್ಲಿಸಿದರು.

"ಬಗೆ ನಾನು ಹೇಳ್ತೀನಿ, ನೀನು ಬರಿ. ನಾನು ಬಿಟ್ಟಿದ್ದನ್ನ ಕೇಳು, ಹೆದರಬೇಡ."

"ಆಯ್ತು ಮಾವ. ಪದ?"

"ನಿನಗೆ ಬೇಕಾದ್ದು ಇಟ್ಟುಕೋ," ಅಂದರು ಕಿಮ್‌ಸೆಂಗ್. "ನನಗೆ ಹೇಳಬೇಡ."